ಎಡಕ್ಕೆ ತಿರುಗಿದರೆ ಅಲ್ಲಾಡುವ ವೈಪರ್

ನಮ್ಮ ಪಿಕಪ್ ಗಾಡಿಯಲ್ಲಿ ಎಡಗಡೆಯ ಇಂಡಿಕೇಟರ್ ಹಾಕಿದರೆ ಮುಂದಿನ ಗಾಜಿನ ವೈಪರ್ ಒಂದು ಸಲ ಅಲ್ಲಾಡಿ ಸುಮ್ಮನಾಗುತ್ತಿತ್ತು. ಬಲಗಡೆಯ ಇಂಡಿಕೇಟರಿಗೆ ಈ ಚಾಳಿ ಇರಲಿಲ್ಲ. ಮಳೆಯಿರಲಿ, ಸುಡು ಬಿಸಿಲಿರಲಿ, ಎಡಕ್ಕೆ ತಿರುಗುವ ಮನಸ್ಸು ಮಾಡಿದರೆ ಸಾಕು, ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈಯಡ್ಡ ಹಿಡಿದು 'ಸಾಕು' ಎನ್ನುವವರ ಹಾಗೆ ವೈಪರ್ ಒಮ್ಮೆ ಆಡುತ್ತಿತ್ತು. ಎಲ್ಲ ಗಾಡಿಗಳ ಸ್ವಭಾವವೂ ಇಷ್ಟೇ ಎಂದು ನಾನು ಬಹಳ ಕಾಲ ನಂಬಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ಹೀಗೆಲ್ಲ ಬಾಯಿಬಿಡಬಾರದು. ಆದರೆ ಬೇರೆ ಗಾಡಿ ಓಡಿಸಿ ಗೊತ್ತಿದ್ದರೆ ತಾನೆ? ಒಮ್ಮೆ ತೀರ್ಥಹಳ್ಳಿಯಲ್ಲಿ ನನ್ನ ಹೆಂಡತಿ ವಿಮಲಳ ಅಣ್ಣ ತನ್ನ ಹೊಸ ಕಾರಿನ ಸ್ಟೇರಿಂಗನ್ನು ಅಭಿಮಾನದಿಂದ ನನ್ನ ಕೈಗೆ ಕೊಟ್ಟ. ನಾನು ಎಡಕ್ಕೆ ಇಂಡಿಕೇಟರ್ ಹಾಕಿದೆ. ವೈಪರ್ ಮಿಸುಕಲಿಲ್ಲ. 'ಭಾವ, ಕಾರಿಗೆ ಎಂತದೋ ಆಗಿದೆ, ವಾರಂಟಿ ಇರುವಾಗಲೇ ತೋರಿಸಿಬಿಡು' ಎಂದೆ. ಆ ಮಾತನ್ನು ಅವರ ಮನೆಯಲ್ಲಿ ಈಗಲೂ ಊಟದ ಪಂಕ್ತಿಯಲ್ಲಿ ತೆಗೆದು ನಗುತ್ತಾರೆ, ನನಗೆ ಎರಡನೆಯ ಸಲ ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ.

ಗಾಡಿ ನನಗೆ ಬಂದದ್ದು ಅಪ್ಪನಿಂದ. ಅಪ್ಪನಿಗೆ ಬಂದದ್ದು ಜೋಗದ ಕಡೆಯ ಒಂದು ಹರಾಜಿನಿಂದ. ಅಲ್ಲಿ ಕಂಬ, ಕೇಬಲ್ಲು ಹೊತ್ತು ಹೊತ್ತು ದಣಿದು ಮೂಲೆ ಸೇರಿದ ಗಾಡಿಯನ್ನು ಅಪ್ಪ ಕೊಂಡು ತಂದಾಗ ಅದರ ಒಂದು ಹೆಡ್‌ಲೈಟು ಉರಿಯುತ್ತಿರಲಿಲ್ಲ. ನಾಡಿಗೆಲ್ಲ ಕರೆಂಟು ಕಳಿಸುವ ಊರಿನಿಂದ ಬಂದದ್ದಲ್ಲವೇ, ಪಾಪ, ತನಗೆಂದು ಉಳಿಸಿಕೊಂಡಿರಲಿಲ್ಲವೇನೋ. ರಿಪ್ಪನ್‌ಪೇಟೆಗೂ ಹೊಸನಗರಕ್ಕೂ ನಡುವೆ, ಡಾಂಬರು ರಸ್ತೆಯಿಂದ ಒಳಕ್ಕಿರುವ ನಮ್ಮ ಊರಿಗೆ ಆಗ ಅದೊಂದೇ ನಾಲ್ಕು ಚಕ್ರದ ಗಾಡಿ. ಹೀಗಾಗಿ ಗಾಡಿ ಬಂದ ಮರುದಿನವೇ ಅಂಗಳಕ್ಕೆ ಜನ ಬಂದರು.

ಅಪ್ಪ ಕಾನೂನಿಗೆ ಹೆದರುವ ಮನುಷ್ಯ. ಮನೆಬಳಕೆಯ ಗಾಡಿಗೆ ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರಿಗೆ ನೆರೆಹೊರೆಯವರ ಹತ್ತಿರ ದುಡ್ಡು ಕೇಳಲು ನಾಲಿಗೆ ಏಳುತ್ತಿರಲಿಲ್ಲ. 'ಬಾಡಿಗೆ ತಗಂಡ್ರೆ ಅವ್ರು ಗಿರಾಕಿ ಆಗ್ತಾರೆ. ಸುಮ್ನೆ ಕೊಟ್ರೆ ಋಣದವ್ರು ಆಗ್ತಾರೆ. ಎರಡೂ ಬ್ಯಾಡ' ಎಂದು ಹೇಳಿ ಅವರೊಂದು ಕಟ್ಟಳೆ ಮಾಡಿದರು. ಯಾರು ಗಾಡಿ ಒಯ್ಯುತ್ತಾರೋ ಅವರು ಅದರಲ್ಲಿ ಕೆಟ್ಟಿರುವ ಏನಾದರೊಂದನ್ನು ಸರಿ ಮಾಡಿ ತಂದು ನಿಲ್ಲಿಸಬೇಕು. ಅಷ್ಟೇ. ಅಪ್ಪ ಹೋದ ಮೇಲೂ ಕಟ್ಟಳೆ ನಿಂತಿತು. ನಮ್ಮಲ್ಲಿಗೆ ಗಾಡಿ ಕೇಳಲು ಬಂದವರು ಮೊದಲು ಕೂತು, ನೀರು ಕುಡಿದು, 'ಗಾಡಿಗೆ ಎಂತ ಆಗ್ಬೇಕು?' ಎನ್ನುತ್ತಿದ್ದರು. ತಮಗೆ ಗಾಡಿ ಬೇಕಾಗಿದೆ ಎಂಬುದನ್ನು ಆಮೇಲೆ ಹೇಳುತ್ತಿದ್ದರು. ಕೆಲವರಂತೂ ಅದನ್ನು ಹೇಳುತ್ತಲೇ ಇರಲಿಲ್ಲ. ಕೀಲಿ ತೆಗೆದುಕೊಂಡು ಹೋಗುತ್ತಿದ್ದರು, ನಮಗೆ ಅರ್ಥವಾಗುತ್ತಿತ್ತು.

ಅಪ್ಪ ಎಣಿಸದೇ ಇದ್ದದ್ದು ಒಂದಿತ್ತು. ಗಾಡಿಯಲ್ಲಿ ಕೆಡುವ ನೂರು ಭಾಗಗಳಲ್ಲಿ ಗೇರ್‌ಬಾಕ್ಸಿಗೆ ಕೈಹಾಕುವ ಧೈರ್ಯ ಯಾರಿಗೂ ಇರುವುದಿಲ್ಲ. ಬ್ರೇಕಿಗೆ ಕೈಹಾಕುವುದನ್ನು ಯಾರೂ ಒಪ್ಪುವುದಿಲ್ಲ. ಆದರೆ ಒಂದು ತುಂಡು ವೈರು ಪ್ರತಿ ಮನೆಯ ಅಟ್ಟದಲ್ಲೂ ಇರುತ್ತದೆ, ಮತ್ತು ಎರಡು ವೈರಿನ ತುದಿ ಹಲ್ಲಿನಲ್ಲಿ ಸುಲಿದು ಹೊಸೆಯುವುದು ತನಗೆ ಬರುತ್ತದೆಂದು ನಮ್ಮೂರಿನ ಪ್ರತಿಯೊಬ್ಬನೂ ತಿಳಿದಿದ್ದಾನೆ. ಮನೆಯ ಸ್ವಿಚ್‌ಬೋರ್ಡನ್ನು ಒಣಗಿದ ಕೋಲಿನಿಂದ ಒತ್ತುವವನೂ ಗಾಡಿಯ ಬಾನೆಟ್ಟು ಎತ್ತಿದರೆ ಎಂಜಿನಿಯರ್ ಆಗಿಬಿಡುತ್ತಾನೆ. ಹನ್ನೆರಡು ವೋಲ್ಟು ಹೊಡೆಯುವುದಿಲ್ಲವೆಂದು ಅವನಿಗೆ ಯಾರೋ ಹೇಳಿರುತ್ತಾರೆ. ಆ ಯಾರೋ ಎಂದರೆ ನಾನೇ. ಊರಿನ ಅರ್ಧ ಜನ ನನ್ನ ಶಿಷ್ಯರು. ಹೀಗೆ ಅಪ್ಪನ ಕಟ್ಟಳೆಯೂ ನನ್ನ ಪಾಠವೂ ಸೇರಿ ಗಾಡಿಯ ಹೊಟ್ಟೆಯೊಳಗೆ ಆದದ್ದು ಏನೆಂಬುದು ಎಲ್ಲವನ್ನೂ ಬಿಚ್ಚಿ ಹರಡುವವರೆಗೆ ನನಗೂ ಗೊತ್ತಿರಲಿಲ್ಲ.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಹಳೇ ಅಭ್ಯಾಸ, ಸಹಿಸಿಕೊಳ್ಳಬೇಕು. ಕರೆಂಟಿಗೆ ಹೋಗುವ ದಾರಿ ಎಷ್ಟು ಮುಖ್ಯವೋ ವಾಪಸು ಬರುವ ದಾರಿಯೂ ಅಷ್ಟೇ ಮುಖ್ಯ. ಬ್ಯಾಟರಿಯಿಂದ ಹೊರಟದ್ದು ದೀಪ ಹತ್ತಿಸಿ ಮತ್ತೆ ಬ್ಯಾಟರಿಗೆ ಬಂದು ಸೇರಬೇಕು. ಬರುವ ದಾರಿ ಕಡಿದಿದ್ದರೆ ಕರೆಂಟು ಅರ್ಧ ದಾರಿ ಹೋಗಿ ನಿಲ್ಲುವುದಿಲ್ಲ, ಹೊರಡುವುದೇ ಇಲ್ಲ. ಮನೆಯಲ್ಲಿ ಹೋಗಲು ಒಂದು ವೈರು, ಬರಲು ಒಂದು ವೈರು ಎಳೆದಿರುತ್ತಾರೆ. ಗಾಡಿಯಲ್ಲಿ ಹೋಗುವುದಕ್ಕೆ ಮಾತ್ರ ವೈರು. ಬರುವುದು ಗಾಡಿಯ ಕಬ್ಬಿಣದ ಮೈಯ ಮೇಲೆಯೇ. ಅದಕ್ಕೇ ತುಕ್ಕು ಹಿಡಿದರೆ ಕರೆಂಟು ತನ್ನ ದಾರಿ ಬಿಟ್ಟು ಸಿಕ್ಕಿದವರ ಮನೆ ಹೊಕ್ಕು ಬರುತ್ತದೆ. ನಮ್ಮ ಇಂಡಿಕೇಟರಿನ ಕರೆಂಟು ವೈಪರಿನ ಮನೆಗೆ ಹೋಗಿ ಕುಶಲ ವಿಚಾರಿಸಿ ಬರುತ್ತಿದ್ದದ್ದು ಹೀಗೆ. ಈ ಪಾಠವನ್ನು ನಾನು ಮೂರು ದಶಕ ಕರಿಹಲಗೆಯ ಮೇಲೆ ಬರೆದಿದ್ದೇನೆ. ಇದರಿಂದ ನಾನೇ ಏನಾದರೂ ಕಲಿಯಬೇಕಾಗಿದೆ ಎಂದು ಅನಿಸಿರಲಿಲ್ಲ.

ವೈರಿಂಗ್ ಬದಲಿಸಲೇಬೇಕಾದ ದಿನ ಬಂದದ್ದು ಮಂಡಗದ್ದೆಯಲ್ಲಿ. ಭಾವನ ಮನೆಯಿಂದ ಒಂದು ಮರದ ಬೀರು ಏರಿಸಿಕೊಂಡು ನಾನೂ ವಿಮಲಳೂ ಶಿವಮೊಗ್ಗಕ್ಕೆ ಮುಟ್ಟಿಸಲು ಹೊರಟಿದ್ದೆವು. ತುಂಗೆಯ ದಡದಲ್ಲಿ ಹಕ್ಕಿ ನೋಡುವವರು ಸಾಲಾಗಿ ನಿಂತಿದ್ದ ಜಾಗಕ್ಕೆ ಸರಿಯಾಗಿ ಡ್ಯಾಶ್‌ಬೋರ್ಡಿನ ಸಂದಿಯಿಂದ ಹೊಗೆ ಬಂತು. ಇಬ್ಬರೂ ಹಾರಿ ಇಳಿದೆವು. ದುರ್ಬೀನು ಹಿಡಿದವರೆಲ್ಲ ನದಿಯ ನಡುವಿನ ಹಕ್ಕಿಗಳನ್ನು ಬಿಟ್ಟು ನಮ್ಮ ಕಡೆ ತಿರುಗಿದರು. ಅಷ್ಟು ಹತ್ತಿರದಲ್ಲಿದ್ದವನನ್ನು ದುರ್ಬೀನಿನಲ್ಲಿ ನೋಡುವ ಅಗತ್ಯವೇನಿತ್ತೋ ಕಾಣೆ. ನಾನು ಬ್ಯಾಟರಿಯ ವೈರು ಕಿತ್ತೆ, ವಿಮಲ ಬಾಟಲಿಯ ನೀರು ಹಿಡಿದು ನಿಂತಳು, ಹೊಗೆ ತಾನೇ ಆರಿತು. ಅದೂ ಅಲ್ಲದೆ ಗಾಡಿಯ ರಿಜಿಸ್ಟ್ರೇಷನ್ ನವೀಕರಣ ಹತ್ತಿರ ಬಂದಿತ್ತು. ಸಾಗರದ ಆರ್‌ಟಿಒ ಕಚೇರಿಯಲ್ಲಿ ದೀಪ, ಹಾರ್ನು, ಇಂಡಿಕೇಟರು ಎಲ್ಲ ತೋರಿಸಬೇಕು. ತೋರಿಸಲಾಗದಿದ್ದರೆ ಗಾಡಿ ಗುಜರಿಗೆ.

ಸಾಗರದಲ್ಲಿ ಫ್ರಾನ್ಸಿಸ್ ಎಂಬವನಿದ್ದಾನೆ. ಹಳೇ ಗಾಡಿಗಳ ವೈರಿಂಗ್ ಬಿಟ್ಟು ಬೇರೆ ಕೆಲಸ ಹಿಡಿಯುವುದಿಲ್ಲ. ಮುಂಗೋಪಿ. ಅವನ ಕ್ರಮ ಬೇರೆ. ಹಳೇ ವೈರುಗಳನ್ನು ಕತ್ತರಿಸಿ ಎಸೆಯುವುದಿಲ್ಲ, ಗಂಟುಗಂಟಾಗಿದ್ದ ಹಾಗೇ ಇಡಿಯಾಗಿ ಎಳೆದು ಶೆಡ್ಡಿನ ನೆಲದ ಮೇಲೆ ಗಾಡಿಯ ಆಕಾರದಲ್ಲೇ ಹಾಸುತ್ತಾನೆ. ಹೆಡ್‌ಲೈಟಿನದು ಮುಂದೆ, ಬ್ರೇಕ್ ಲೈಟಿನದು ಹಿಂದೆ. ಅದನ್ನು ನೋಡಿಕೊಂಡು ಪಕ್ಕದಲ್ಲಿ ಹೊಸದನ್ನು ಅಳೆದು ಕಟ್ಟುತ್ತಾನೆ. ನಮ್ಮ ಗಾಡಿಯದನ್ನು ಹಾಸಿದವನು ಸೊಂಟಕ್ಕೆ ಕೈಕೊಟ್ಟು ನಿಂತ.

'ಮೇಷ್ಟ್ರೆ, ಇದ್ರಲ್ಲಿ ಕಂಪನಿ ವೈರು ಒಂದು ಮೊಳ ತೋರ್ಸಿ, ನಾನು ಅಂಗಡಿ ಮುಚ್ತೀನಿ.'

ನಾನು ಬಗ್ಗಿ ನೋಡಿದೆ. ಹಳದಿ, ಕಪ್ಪು ಹೊಸೆದ ವೈರು ಮೈಕ್‌ಸೆಟ್ ರಾಮಣ್ಣನದು. ಅವನು ಯಾರ ಮದುವೆಗೋ ಸ್ಪೀಕರು ಒಯ್ದ ವರ್ಷ ಬಲಗಡೆ ಹೆಡ್‌ಲೈಟು ಉರಿಯುವಂತೆ ಮಾಡಿಕೊಟ್ಟಿದ್ದ. ದಪ್ಪನೆಯ ನೀಲಿ ಕೇಬಲ್ಲು ಯಾರದೋ ಪಂಪ್‌ಸೆಟ್ಟಿನ ಉಳಿಕೆ. ಸಣ್ಣ ಕರಿ ವೈರು ಸತ್ತ ಲ್ಯಾಂಡ್‌ಲೈನ್ ಫೋನಿನದು, ಅದರಲ್ಲಿ ನಮ್ಮ ಹಾರ್ನು ಕೂಗುತ್ತಿತ್ತು. ಒಂದು ಜಾಯಿಂಟಿಗೆ ಕಾಂಪೌಂಡರ್ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರು ಸುತ್ತಿದ್ದ. ಇನ್ನೊಂದನ್ನು ಅಕ್ಕಸಾಲಿ ಆಚಾರ್ರು ಬೆಸೆದಿದ್ದರು, ಮೂಗುತಿಯ ಬೆಸುಗೆಯಷ್ಟು ನಯವಾಗಿ. ಅದನ್ನು ಮಾತ್ರ ಫ್ರಾನ್ಸಿಸ್ ಬೆರಳಲ್ಲಿ ಮುಟ್ಟಿ ನೋಡಿ ಮೆಲ್ಲಗೆ ಕೆಳಗಿಟ್ಟ. ಒಂದು ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೇಗಡೆ ಸುರುಳಿಯಾಗಿ ಕೂತಿತ್ತು. ಯಾರದೆಂದು ನನಗೆ ಗೊತ್ತು, ಅವರ ಮನೆಯಲ್ಲಿ ಅವರು ಸಿಗರೇಟು ಸೇದುವುದು ಗೊತ್ತಿಲ್ಲ.

ಹಿಂದಿನ ದೀಪದ ವೈರಿನ ತುದಿ ಹಸಿರು ಕಟ್ಟಿತ್ತು. ಫ್ರಾನ್ಸಿಸ್ ಮೂಸಿ ನೋಡಿದ. 'ಇದಕ್ಕೆ ಉಪ್ಪು ತಾಗಿದೆ' ಎಂದ. ಅದು ಗಿರಿಜಕ್ಕನದು. ಸುತ್ತಿದ್ದ ಬಿಳಿ ಬಟ್ಟೆಯೂ ಅವಳದೇ, ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟುವಂಥದು. ಗಿರಿಜಕ್ಕ ನಮ್ಮ ಆಚೆಮನೆಯವಳು. ಹೊಳೆಸಾಲಿನ ಮಾವಿನ ಮರಗಳ ಅಪ್ಪೆಮಿಡಿಯನ್ನು ಗುತ್ತಿಗೆ ಹಿಡಿದು, ಕೊಯ್ಯಿಸಿ, ಒಂದಿಷ್ಟನ್ನು ತಾನೇ ಉಪ್ಪಿನಕಾಯಿ ಹಾಕಿ, ಉಳಿದದ್ದನ್ನು ಸಾಗರದವರಿಗೆ ಕೊಡುತ್ತಾಳೆ. ಅವಳ ವರ್ಷದ ದುಡಿಮೆಯೆಲ್ಲ ಆ ಕೆಲವೇ ವಾರಗಳಲ್ಲಿ. ಗಾಡಿ ಓಡಿಸಲು ಕಲಿತದ್ದು ನಮ್ಮ ಪಿಕಪ್ಪಿನಲ್ಲೇ, ಓಡಿಸುವುದು ನನಗಿಂತ ಚೆನ್ನಾಗಿ. ಎಡಕ್ಕೆ ತಿರುಗುವಾಗ ಕೈ ಹೊರಹಾಕಿ ತೋರಿಸುತ್ತಿದ್ದಳೇ ಹೊರತು ಇಂಡಿಕೇಟರ್ ಮುಟ್ಟುತ್ತಿರಲಿಲ್ಲ. ವೈಪರಿನ ರಬ್ಬರು ಸವೆಯುತ್ತದಂತೆ.

ಫ್ರಾನ್ಸಿಸ್ ಎಲ್ಲ ಹೊಸದಾಗಿ ಕಟ್ಟಿದ. ಬಣ್ಣಬಣ್ಣದ ವೈರು, ಪ್ರತಿಯೊಂದಕ್ಕೂ ಅದರದೇ ಫ್ಯೂಸು, ಎಲ್ಲೂ ಒಂದು ಜಾಯಿಂಟಿಲ್ಲ. ತುಕ್ಕು ಉಜ್ಜಿ ಅರ್ತಿಂಗ್ ಗಟ್ಟಿ ಮಾಡಿದ. 'ಇನ್ನು ಈ ಗಾಡಿ ಮೇಲೆ ಯಾರಾರೂ ಕೈ ಇಟ್ರೆ ನಂಗೆ ಫೋನ್ ಮಾಡಿ' ಎಂದು ಕೀಲಿ ಕೊಟ್ಟ. ಎಡಕ್ಕೆ ಇಂಡಿಕೇಟರ್ ಹಾಕಿದೆ. ವೈಪರ್ ತೆಪ್ಪಗಿತ್ತು. ಮನಸ್ಸಿಗೆ ಏನೋ ಖಾಲಿಯೆನಿಸಿದರೂ ಖುಷಿಯೇ ಹೆಚ್ಚಾಗಿತ್ತು. ಕಚೇರಿಯಲ್ಲಿ ಇನ್ಸ್‌ಪೆಕ್ಟರು ಒಂದೊಂದೇ ದೀಪ ಹಾಕಿಸಿ, ಹಾರ್ನು ಒತ್ತಿಸಿ, ಬಾನೆಟ್ಟು ಎತ್ತಿಸಿ ನೋಡಿ, 'ಇಷ್ಟು ಹಳೇ ಗಾಡಿ ಇಷ್ಟು ಚೊಕ್ಕ ಇಟ್ಟಿದ್ದೀರಲ್ಲ' ಎಂದರು. ಗಾಡಿ ಗುಜರಿಯಿಂದ ಉಳಿಯಿತು.

ಇಷ್ಟಕ್ಕೇ ಸುಮ್ಮನಿರಬಹುದಾಗಿತ್ತು. ಆದರೆ ನಿವೃತ್ತ ಮೇಷ್ಟ್ರ ಕೈಗೆ ಮೊಬೈಲ್ ಸಿಕ್ಕಿದರೆ ಇಡೀ ಊರೇ ತರಗತಿ. ಊರಿನ ವಾಟ್ಸಾಪ್ ಗುಂಪಿಗೆ ಹೊಸ ವೈರಿಂಗಿನ ಫೋಟೊ ಹಾಕಿ, 'ಇನ್ನು ಮುಂದೆ ನಮ್ಮ ಗಾಡಿಯಲ್ಲಿ ಕೆಟ್ಟದ್ದು ಒಂದೂ ಇಲ್ಲ. ಯಾರೂ ವೈರು ಮುಟ್ಟುವ ಅಗತ್ಯವಿಲ್ಲ. ಎಂದಿನಂತೆ ಧಾರಾಳವಾಗಿ ಬಳಸಿಕೊಳ್ಳಿ' ಎಂದು ಬರೆದೆ. ಹೆಬ್ಬೆರಳುಗಳೂ ಜೋಡಿಸಿದ ಕೈಗಳೂ ಸಾಲಾಗಿ ಬಂದವು. ಜನ ಮಾತ್ರ ಬರಲಿಲ್ಲ.

ಮೊದಮೊದಲು ಹಾಯೆನಿಸಿತು. ಸೀಟಿನ ಕೆಳಗೆ ಎಲೆಅಡಿಕೆಯ ಚೂರಿಲ್ಲ, ಡೀಸೆಲ್ಲಿನ ಮುಳ್ಳು ನಾನು ಬಿಟ್ಟಲ್ಲೇ ಇದೆ. ಆಮೇಲೆ ಅಂಗಳ ಬಿಕೋ ಎನ್ನತೊಡಗಿತು. ಮೈಕ್‌ಸೆಟ್ ರಾಮಣ್ಣ ನಮ್ಮ ಮನೆಯ ಮುಂದೆಯೇ ಲಗೇಜ್ ಆಟೊದಲ್ಲಿ ಸ್ಪೀಕರು ಹೇರಿಕೊಂಡು ಹೋದ. ನನ್ನನ್ನು ಕಂಡು 'ಗಾಡಿ ಭಾರಿ ಲಾಯ್ಕಾಗಿದ್ಯಂತೆ ಮೇಷ್ಟ್ರೆ' ಎಂದು ಕೂಗಿದ, ಆಟೊ ನಿಲ್ಲಿಸಲಿಲ್ಲ. ಸಂಜೆ ವಿಮಲ ಡಿಕಾಕ್ಷನ್ ಪಾತ್ರೆ ಬಗ್ಗಿಸಿ ನೋಡಿ, 'ದಿನಾ ಉಳೀತಾ ಇದೆ' ಎಂದಳು. ಹೊಸ ವಸ್ತುವಿಗೆ ಜನ ಸ್ವಲ್ಪ ಹೆದರುತ್ತಾರೆ, ಅಭ್ಯಾಸವಾಗಲಿ ಎಂದೆ. ಅವಳು ಉಳಿದದ್ದನ್ನು ಬಾಳೆಯ ಬುಡಕ್ಕೆ ಚೆಲ್ಲಿದಳು. ಅವಳು ಹಾಗೆ ಮಾತು ಬಿಟ್ಟು ಕೆಲಸಕ್ಕೆ ಕೈಹಾಕಿದರೆ ನಾನು ಇನ್ನೊಮ್ಮೆ ಯೋಚಿಸಬೇಕೆಂದು ಅರ್ಥ, ಆದರೆ ಯೋಚಿಸಲಿಲ್ಲ.

ಮಿಡಿಯ ಕಾಲ ಬಂತು. ಗಿರಿಜಕ್ಕ ಬರಲಿಲ್ಲ. ಒಂದು ದಿನ ಸಾಮಾನು ತರಲು ರಿಪ್ಪನ್‌ಪೇಟೆಗೆ ಹೋದವನು ಬಸ್‌ಸ್ಟ್ಯಾಂಡಿನ ಪಕ್ಕ ಗಾಡಿ ನಿಲ್ಲಿಸಿದೆ. ಬಸ್ಸಿನ ಟಾಪಿನಿಂದ ಯಾರೋ ಚೀಲಗಳನ್ನು ಕೆಳಕ್ಕೆ ಬಿಡುತ್ತಿದ್ದರು. ಒಂದೊಂದು ಚೀಲ ಬಿದ್ದಾಗಲೂ ಕೆಳಗೆ ನಿಂತಿದ್ದ ಹೆಂಗಸು ತನ್ನ ಮೈಗೇ ಪೆಟ್ಟು ಬಿದ್ದಂತೆ ಮುಖ ಹಿಂಡುತ್ತಿದ್ದಳು. ಗಿರಿಜಕ್ಕ.

ಅಪ್ಪೆಮಿಡಿಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಅದನ್ನು ತೊಟ್ಟಿನ ಸಮೇತ ಕೊಯ್ದು, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಮರದಿಂದ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಹರಿದುಹೋಗುತ್ತದೆ, ಸೊನೆ ಹೋದ ಮಿಡಿ ಜಾಡಿಯಲ್ಲಿ ನಿಲ್ಲುವುದಿಲ್ಲ, ಕೊಳೆಯುತ್ತದೆ. ಗಿರಿಜಕ್ಕ ನಮ್ಮ ಗಾಡಿಯ ಹಿಂಭಾಗಕ್ಕೆ ಹಸಿ ಸೊಪ್ಪು ಹಾಸಿ, ಬುಟ್ಟಿಗಳನ್ನು ಒತ್ತಾಗಿ ಜೋಡಿಸಿ, ಎತ್ತಿನಗಾಡಿಯ ವೇಗದಲ್ಲಿ ಸಾಗರದವರೆಗೆ ಓಡಿಸುತ್ತಿದ್ದವಳು. ಹಿಂದೆ ಬರುವ ಬಸ್ಸಿನವರು ಎಷ್ಟು ಹಾರ್ನು ಹೊಡೆದರೂ ಅವಳ ಕಾಲು ಒತ್ತುತ್ತಿರಲಿಲ್ಲ. ಈಗ ಚೀಲದಲ್ಲಿ ತಂದಿದ್ದಳು. ಸಾಗರದಿಂದ ಬಂದಿದ್ದ ಕೊಳ್ಳುವವನು ಒಂದು ಚೀಲಕ್ಕೆ ಕೈಹಾಕಿ ಬೊಗಸೆ ಎತ್ತಿದ. ಅರ್ಧಕ್ಕೆ ತೊಟ್ಟಿರಲಿಲ್ಲ.

'ಇದು ಹೆಚ್ಚಿ ಹಾಕೋಕೆ ಅಷ್ಟೇ ಆಗೂದು, ಗಿರಿಜಮ್ಮ. ಇಡೀ ಮಿಡಿ ರೇಟು ಹೆಂಗೆ ಕೊಡ್ಲಿ?' ಎಂದ. ದಬ್ಬಾಳಿಕೆಯಿಂದ ಅಲ್ಲ, ನಿಜವಾಗಿ ಬೇಸರಪಟ್ಟು.

ಅವನು ಹೋದ ಮೇಲೆ ನಾನು ಹತ್ತಿರ ಹೋದೆ. 'ಗಾಡಿ ಮನೇಲೇ ಇತ್ತಲ್ಲ ಗಿರಿಜಕ್ಕ. ಒಂದು ಮಾತು ಕೇಳ್ಬಾರ್ದಾ?'

'ಎಂತ ಅಂತ ಕೇಳೂದು ಮೇಷ್ಟ್ರೆ? ಗಾಡಿಗೆ ಎಂತ ಆಗ್ಬೇಕು ಹೇಳಿ.'

'ಎಂತೂ ಆಗ್ಬೇಕಾಗಿಲ್ಲ.'

'ಅದೇ ಮತ್ತೆ' ಎಂದಳು.

ಲಗೇಜ್ ಆಟೊದವರು ಹೊಳೆಯ ದಾರಿಗೆ ಇಳಿಯುವುದಿಲ್ಲವಂತೆ, ಇಳಿದರೂ ಕುಲುಕಿ ಕೆಡಿಸುತ್ತಾರಂತೆ. ತಲೆಹೊರೆಯಲ್ಲಿ ರಸ್ತೆಗೆ ತಂದು ಬಸ್ಸಿಗೆ ಹಾಕಿದ್ದಳು. ದೊಡ್ಡ ಮರಗಳೆರಡು ಇನ್ನೂ ಬಾಕಿ, ಈ ವಾರ ಇಳಿಸದಿದ್ದರೆ ಗೊರಟು ಬಲಿತು ಅದೂ ಹೋದ ಹಾಗೆಯೇ. ಇದನ್ನೆಲ್ಲ ಅವಳು ಚೀಲದ ಬಾಯಿ ಕಟ್ಟುತ್ತಾ ಹೇಳಿದಳು.

'ನಾಳೆನೇ ಗಾಡಿ ತಗಂಡ್ಹೋಗಿ. ಸುಮ್ನೆ ತಗಂಡ್ಹೋಗಿ' ಎಂದೆ.

ಅವಳು ಸೆಟೆದು ನಿಂತಳು. 'ಸುಮ್ನೆ ಎಂತಕ್ಕೆ? ಇಷ್ಟು ವರ್ಷದಲ್ಲಿ ಒಂದು ಸಲನಾರೂ ಸುಮ್ನೆ ಒಯ್ದಿದ್ದೀನಾ?'

'ಡೀಸೆಲ್ ನೀವೇ ಹಾಕ್ಸಿ, ಆಯ್ತಲ.'

'ಅದು ನಾನು ಓಡ್ಸಿದ್ದಕ್ಕೆ ಹಾಕೂದು. ಗಾಡಿಗೆ ಮಾಡಿದ್ದು ಹೆಂಗಾಗುತ್ತೆ?' ಎಂದವಳು ಸ್ವಲ್ಪ ತಣ್ಣಗಾಗಿ, 'ನಿಮ್ಮ ಒಳ್ಳೆ ಮನಸ್ಸು ಗೊತ್ತು ಮೇಷ್ಟ್ರೆ. ಆದ್ರೆ ಆಗ ಗಾಡಿ ನಮ್ದೂ ಅನ್ನಿಸ್ತಿತ್ತು. ಈಗ ನಿಮ್ದು' ಎಂದಳು. ಹಾಗೆಂದು ಬಸ್ಸು ಹತ್ತಿದಳು. ನನ್ನ ಗಾಡಿಯಲ್ಲಿ ಊರಿಗೆ ಬರಲೂ ಒಪ್ಪಲಿಲ್ಲ.

ಹೊಸ ವೈರಿಂಗಿನ ಗಾಡಿಯಲ್ಲಿ ನಾನೊಬ್ಬನೇ ಮನೆಗೆ ಬಂದೆ. ಎಲ್ಲ ದೀಪಗಳೂ ಉರಿಯುತ್ತಿದ್ದವು, ಹಾರ್ನು ಶಂಖದ ಹಾಗೆ ಕೂಗುತ್ತಿತ್ತು. ದಾರಿಯುದ್ದಕ್ಕೂ ನನಗೆ ನನ್ನದೇ ಪಾಠ ನೆನಪಾಗಿ ಮೈ ಪರಚಿಕೊಳ್ಳುವಂತಾಯಿತು. ವಾಪಸು ಬರುವ ದಾರಿ ಕಡಿದರೆ ಹೊರಡುವುದೇ ಇಲ್ಲ ಎಂದು ಅಷ್ಟು ಮಕ್ಕಳಿಗೆ ಹೇಳಿದವನು, ಊರಿನವರು ಋಣ ತೀರಿಸುವ ಒಂದೇ ದಾರಿಯನ್ನು ಮುಚ್ಚಿ, ಮೇಲೆ ಫೋಟೊ ಹೊಡೆದು ಗುಂಪಿಗೆ ಹಾಕಿದ್ದೆ. ಮನೆಗೆ ಬಂದು ವಿಮಲಳಿಗೆ ಎಲ್ಲ ಹೇಳಿದೆ. ಅವಳು 'ಹೌದಾ' ಎಂದು ಹಾಲಿನ ಪಾತ್ರೆ ತೊಳೆಯಲು ಹೋದಳು.

ಬೆಳಿಗ್ಗೆ ವಿಮಲ ಹಾಲಿಗೆ ಹೋದ ಸಮಯ ನೋಡಿ ನಾನು ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಹಿಂದೆ ಕೂತೆ. ಫ್ರಾನ್ಸಿಸ್ ಕಟ್ಟಿದ್ದನ್ನು ಕೆಡಿಸುವುದು ಸುಲಭವಲ್ಲ, ಎಷ್ಟು ಎಳೆದರೂ ಬರುವುದಿಲ್ಲ. ಅಂತೂ ಹಿಂದಿನ ದೀಪದ ವೈರನ್ನು ಕಿತ್ತು, ಏನೂ ಅರಿಯದವನಂತೆ ಪಂಚೆ ಝಾಡಿಸಿಕೊಂಡು ಗಿರಿಜಕ್ಕನ ಮನೆಗೆ ನಡೆದೆ. ಹೇಳಬೇಕಾದ ಸುಳ್ಳನ್ನು ದಾರಿಯಲ್ಲಿ ಉರು ಹೊಡೆದಿದ್ದೆ. ಅವಳು ಆಗಲೇ ಅಂಗಳದಲ್ಲಿ ಬುಟ್ಟಿ ಜೋಡಿಸುತ್ತಿದ್ದಳು.

'ಬನ್ನಿ ಮೇಷ್ಟ್ರೆ. ಹಾರ್ನ್ ಕೂಗಲ್ವಂತೆ?' ಎಂದಳು.

'ಹಾರ್ನಾ? ಇಲ್ಲ, ಹಿಂದಿನ ದೀಪ.'

'ವಿಮಲಕ್ಕ ಈಗಷ್ಟೇ ಹಾಲಿಗೆ ಬಂದೋರು ಹಾರ್ನ್ ಅಂದ್ರಲ್ಲ.'

ಗಿರಿಜಕ್ಕ ಬುಟ್ಟಿ ಕೆಳಗಿಟ್ಟು ನನ್ನನ್ನು ನೋಡಿದಳು. ಅವಳ ತುಟಿಯ ತುದಿ ಸ್ವಲ್ಪ ಅಲುಗಿತು. 'ನಿನ್ನೆ ಪೇಟೇಲಿ ಎರಡೂ ಸರಿ ಇತ್ತು' ಎಂದಳು.

'ಹೊಸ ವೈರಿಂಗ್ ಅಲ್ವಾ' ಎಂದೆ.

'ಹೌದೌದು. ಹೊಸದು ಹಂಗೇ' ಎಂದು ತಲೆಯಾಡಿಸಿ, ಗೋಡೆಗೆ ಕವುಚಿಟ್ಟಿದ್ದ ಉಳಿದ ಬುಟ್ಟಿಗಳನ್ನೂ ಎಳೆದಳು. 'ಹಂಗಾರೆ ಎರಡು ಕೆಟ್ಟಿದೆ. ಎರಡು ಕೆಟ್ಟಿದೆ ಅಂದ್ರೆ ಎರಡು ಲೋಡು. ಎರಡು ಮರಾನೂ ಇಳಿಸ್ತೀನಿ.'

ಇಳಿಸಿದಳು. ಒಂದೊಂದು ದಿನ ಒಂದೊಂದು ಮರ. ಎತ್ತಿನಗಾಡಿಯ ವೇಗದಲ್ಲಿ ಸಾಗರಕ್ಕೆ ಹೋದ ಮಿಡಿಗಳ ತೊಟ್ಟು ಮುರಿದಿರಲಿಲ್ಲ, ಇಡೀ ಮಿಡಿಯ ದರ ಸಿಕ್ಕಿತು. ಮೊದಲ ದಿನ ಸಂಜೆ ಊರಿನ ತಿರುವಿನಿಂದಲೇ ಹಾರ್ನು ಕೇಳಿಸಿತು, ಬೇಕಾದ್ದಕ್ಕಿಂತ ಉದ್ದವಾಗಿ. ಎರಡನೆಯ ದಿನ ಹಿಂದಿನ ದೀಪ ಉರಿಸಿಕೊಂಡೇ ಅಂಗಳಕ್ಕೆ ಬಂದಳು. ಬಗ್ಗಿ ನೋಡಿದರೆ ವೈರಿನ ತುದಿ ಹೊಸೆದು ಜಾಡಿಯ ಬಾಯಿಗೆ ಕಟ್ಟುವ ಬಿಳಿ ಬಟ್ಟೆ ಸುತ್ತಿದ್ದಳು. ಹೆಸರಿಗೆ ಒಂದು ಮಿಡಿಯನ್ನೂ ನಮಗೆ ಕೊಡಲಿಲ್ಲ. ಕೊಡಬೇಕಾದದ್ದನ್ನು ಕೊಟ್ಟಾಗಿತ್ತಲ್ಲ. ಕೀಲಿ ಗೂಟಕ್ಕೆ ಹಾಕಿ ಕಾಫಿ ಕುಡಿದು ಹೋದಳು. ಆ ದಿನ ನನಗೆ ಆದ ಸಂತೋಷ ಗಾಡಿ ಗುಜರಿಯಿಂದ ಉಳಿದ ದಿನವೂ ಆಗಿರಲಿಲ್ಲ.

'ಹಾರ್ನಿನ ವೈರು ನೀನು ಕಿತ್ತದ್ದಾ?' ಎಂದು ವಿಮಲಳನ್ನು ಕೇಳಿದೆ.

'ಹಿಂದಿನ ದೀಪ ನೀವು ಕಿತ್ತದ್ದಾ?' ಎಂದಳು.

'ಯಾವ ವೈರು ಅಂತ ನಿಂಗೆ ಹೆಂಗೆ ಗೊತ್ತಾಯ್ತು?'

'ಈ ಮನೇಲಿ ಮಿಕ್ಸಿ ರಿಪೇರಿ ಮಾಡೋದು ಯಾರು?' ಎಂದಳು.

ಈಗ ಮತ್ತೆ ಅಂಗಳಕ್ಕೆ ಜನ ಬರುತ್ತಾರೆ. ಕೂತು, ನೀರು ಕುಡಿದು, 'ಗಾಡಿಗೆ ಎಂತ ಆಗ್ಬೇಕು?' ಎನ್ನುತ್ತಾರೆ. ಏನಾದರೊಂದು ಆಗಬೇಕಾಗಿಯೇ ಇರುತ್ತದೆ, ಅದನ್ನು ನಾವು ನೋಡಿಕೊಳ್ಳುತ್ತೇವೆ. ಬೆಂಕಿ ಹಿಡಿಯುವಂಥದನ್ನು ಮುಟ್ಟುವುದಿಲ್ಲ, ಫ್ಯೂಸುಗಳನ್ನು ನಾನೇ ಪರೀಕ್ಷಿಸುತ್ತೇನೆ. ಕಾಂಪೌಂಡರ್ ಬರುವ ಸೂಚನೆಯಿದ್ದರೆ ಒಳಗಿನ ದೀಪ, ರಾಮಣ್ಣನಿಗಾದರೆ ಅವನಿಗೆ ಇಷ್ಟವಾದ ಹೆಡ್‌ಲೈಟು. ಕಳೆದ ತಿಂಗಳು ಫ್ರಾನ್ಸಿಸ್ ಫೋನು ಮಾಡಿ, 'ಹೆಂಗಿದೆ ವೈರಿಂಗು? ಯಾರೂ ಕೈ ಇಟ್ಟಿಲ್ಲ ತಾನೆ?' ಎಂದು ಗದರಿಸುವ ದನಿಯಲ್ಲಿ ಕೇಳಿದ. ನೀನು ಬಿಟ್ಟ ಹಾಗೇ ಇದೆ ಎಂದೆ.

ಇವತ್ತು ಬೆಳಿಗ್ಗೆ ಪೇಟೆಗೆ ಹೊರಟವನು ಡಾಂಬರು ರಸ್ತೆ ಸೇರುವಲ್ಲಿ ಎಡಕ್ಕೆ ಇಂಡಿಕೇಟರ್ ಹಾಕಿದೆ. ವೈಪರ್ ಎದ್ದು, ಒಂದು ಸಲ ಆಡಿ, ಮಲಗಿತು. ಗಾಜಿನ ಮೇಲೆ ಒಂದು ಹನಿ ನೀರಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ವಿಮಲ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇದು ನಾವಿಬ್ಬರೂ ಕಿತ್ತದ್ದಲ್ಲ. ಊರಿನಲ್ಲಿ ಯಾರಿಗೋ ಗಾಡಿ ಬೇಕಾಗಿದೆ, ಮೊದಲೇ ಕೆಡಿಸಿಟ್ಟು ಹೋಗಿದ್ದಾರೆ, ಸಂಜೆಯೊಳಗೆ ಬರುತ್ತಾರೆ. ಡಿಕಾಕ್ಷನ್ನಿಗೆ ಎರಡು ಚಮಚ ಪುಡಿ ಹೆಚ್ಚಿಗೆ ಹಾಕಬೇಕು ಎಂದಳು ವಿಮಲ. ಪೇಟೆಯಲ್ಲಿ ಮೊದಲು ಕಾಫಿಪುಡಿ ಕೊಂಡೆವು.